ಅಳತೆಗೆ ಒಂದು ಮನೆ

ನಮ್ಮ ಸಭೆಗಳಿಗೆ ಹೊರಗಿನ ಜನ ಬರುವುದಿಲ್ಲ. ನೋಟಿಸಿನ ಕೊನೆಯಲ್ಲಿ ಪ್ರತಿ ಸಲವೂ 'ಸಾರ್ವಜನಿಕರಿಗೆ ಮುಕ್ತ ಪ್ರವೇಶ' ಎಂದು ನಾನೇ ಹಾಕುತ್ತೇನೆ. ಹಾಕುವಾಗ ಯಾರೂ ಬರುವುದಿಲ್ಲ ಎಂಬ ಧೈರ್ಯ ಇರುತ್ತದೆ. ಕಳೆದ ವರ್ಷ ಮಳೆಗಾಲ ಶುರುವಾಗುವ ಮುಂಚೆ ರಾಮನಗರದಲ್ಲಿ ನಡೆದ ಸಭೆಗೆ ಒಬ್ಬರು ಬಂದರು. ಅವತ್ತು ಹೋದ ನನ್ನ ನೆಮ್ಮದಿ ಇನ್ನೂ ತಿರುಗಿ ಬಂದಿಲ್ಲ.

ನಾವು ಯಾರು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಭೂವಿಜ್ಞಾನಿ ಎಂದ ಕೂಡಲೇ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ, 'ಬೋರ್‌ವೆಲ್ ಪಾಯಿಂಟ್ ಹಾಕ್ಕೊಡ್ತೀರಾ ಮೇಡಂ?' ಇಲ್ಲಪ್ಪಾ. ಗುಡ್ಡ ಕಡಿದು ರಸ್ತೆ ಮಾಡಿದಾಗ ಆ ಕಡಿದ ಗೋಡೆ ಕುಸಿಯದ ಹಾಗೆ ನೋಡಿಕೊಳ್ಳುವುದು, ಕೆರೆ ಏರಿಯ ಕೆಳಗೆ ಎಂಥ ಮಣ್ಣಿದೆ ಎಂದು ಹೇಳುವುದು, ಕ್ವಾರಿಯ ಹಳ್ಳದಲ್ಲಿ ನಿಂತ ನೀರು ಪಕ್ಕದ ಊರಿನ ಬಾವಿಗೆ ಇಳಿಯುತ್ತದೋ ಇಲ್ಲವೋ ಪರೀಕ್ಷಿಸುವುದು, ಇಂಥವು ನಮ್ಮ ಕೆಲಸ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆಯವರನ್ನು ಒಟ್ಟು ಹಾಕಿದರೆ ಒಂದು ಮಿನಿ ಬಸ್ಸು ತುಂಬುತ್ತೇವೆ, ಅಷ್ಟೇ. ಆಗಾಗ ಒಂದು ಭಾನುವಾರ ಯಾವುದಾದರೂ ಊರಿನಲ್ಲಿ ಸೇರುತ್ತೇವೆ. ಬೆಳಿಗ್ಗೆ ಇಡ್ಲಿ, ಆಮೇಲೆ ಉಪನ್ಯಾಸ, ಆಮೇಲೆ ಊಟ, ಊಟ ಆದಮೇಲೆ ಉರಿಬಿಸಿಲಲ್ಲಿ ಕಲ್ಲು ನೋಡಲು ಹೊರಡುವುದು. ಉಪನ್ಯಾಸ ಮಾಡಿದವರಿಗೆ ಶಾಲು ಹೊದಿಸುವುದಿಲ್ಲ, ಒಂದು ಚನ್ನಪಟ್ಟಣದ ಗೊಂಬೆ ಕೊಡುತ್ತೇವೆ. ನನ್ನ ಮನೆಯ ಷೋಕೇಸಿನಲ್ಲಿ ತಲೆ ಅಲ್ಲಾಡಿಸುವ ಗೊಂಬೆಗಳ ಒಂದು ಸಾಲೇ ಇದೆ. ಕಲ್ಲು ನೋಡುವುದಕ್ಕೆ ಬಸ್ಸು ಮಾಡಿಕೊಂಡು ಹೋಗುವ ಹುಚ್ಚರು ನೀವೇ ಇರಬೇಕು ಎಂದು ನನ್ನ ಗಂಡ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಮ್ಮ ಊರಿನ ಕಲ್ಲು ಏನು ಸಾಮಾನ್ಯದ್ದಾ? ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರನ್ನು ಊರಿನವರು ಮರೆತರೂ ಕಲ್ಲು ಬಿಟ್ಟಿಲ್ಲ, ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಅದೇ ಹೆಸರಿನಿಂದ ಓಡಾಡುತ್ತಿದೆ.

ನಮ್ಮವರಿಗೆ ಒಂದು ಚಟ ಇದೆ. ಕಲ್ಲಿನ ಫೋಟೋ ತೆಗೆಯುವಾಗ ಪಕ್ಕದಲ್ಲಿ ಏನಾದರೂ ಇಡಲೇಬೇಕು. ಸಣ್ಣ ಕಲ್ಲಾದರೆ ಪೆನ್ನು, ಬಂಡೆಯಾದರೆ ಸುತ್ತಿಗೆ, ಬೆಟ್ಟವಾದರೆ ಒಬ್ಬ ಮನುಷ್ಯ. ಇಡದೇ ಹೋದರೆ ನೋಡಿದವರಿಗೆ ಅದು ಕಡಲೆಕಾಯಷ್ಟಿದೆಯೋ ಆನೆಯಷ್ಟಿದೆಯೋ ಗೊತ್ತಾಗುವುದಿಲ್ಲ. ಇದಕ್ಕೆ ನಾವು ಅಳತೆಗೆ ಇಡುವುದು ಅನ್ನುತ್ತೇವೆ. ಮದುವೆಯಾದ ಹೊಸತರಲ್ಲಿ ಕಬ್ಬಾಳು ಬೆಟ್ಟಕ್ಕೆ ಹೋಗಿ ಬಂದು ಫೋಟೋ ತೋರಿಸಿದಾಗ ನನ್ನ ಗಂಡ, 'ಇದರಲ್ಲಿ ನಾನೆಲ್ಲಿ?' ಎಂದು ಕೇಳಿದರು. 'ಅಗೋ, ಬಿರುಕಿನ ಪಕ್ಕ ನಿಂತಿದ್ದೀರಲ್ಲ,' ಅಂದೆ. ಅವರು ವಾರಗಟ್ಟಲೆ ಸಿಟ್ಟಾಗಿದ್ದರು. ಆಗ ನನಗೆ ನಗು ಬಂದಿತ್ತು.

ಕಳೆದ ವರ್ಷದ ಆ ಸಭೆಯಲ್ಲಿ ಉಪನ್ಯಾಸ ನನ್ನದು, ವಿಷಯ ಬೆಟ್ಟದ ಇಳಿಜಾರಿನಲ್ಲಿ ಕೂತಿರುವ ಒಂಟಿ ಬಂಡೆಗಳು. ಮಧ್ಯಾಹ್ನ ತೋರಿಸಬೇಕಾದ ಜಾಗಗಳನ್ನೂ ನಾನೇ ಗೊತ್ತು ಮಾಡಬೇಕಿತ್ತು. ಹಿಂದಿನ ದಿನವೇ ಹೋಗಿ ಒಂದೊಂದು ಜಾಗಕ್ಕೂ ಬಣ್ಣದಲ್ಲಿ ಅಂಕಿ ಬರೆದು ಬರುವುದು ನಮ್ಮಲ್ಲಿ ರೂಢಿ. ಇಲ್ಲದಿದ್ದರೆ ಬಸ್ಸಿನಿಂದ ಇಳಿದವರು ದಿಕ್ಕಿಗೊಬ್ಬರು ಹೋಗಿ ಯಾವುದೋ ಕಲ್ಲಿಗೆ ಸುತ್ತಿಗೆ ಬೀಸುತ್ತಾ ನಿಲ್ಲುತ್ತಾರೆ. ಗೇಟಿಗೆ ಹೊಡೆದು ಮಿಕ್ಕಿದ್ದ ಕೆಂಪು ಪೇಂಟಿನ ಡಬ್ಬಿ ಹಿಡಿದುಕೊಂಡು ಶನಿವಾರ ಬೆಳಿಗ್ಗೆ ಊರಂಚಿನ ಗುಡ್ಡಕ್ಕೆ ಹತ್ತಿದೆ.

ಐದನೆಯ ಜಾಗ ಎಲ್ಲಕ್ಕಿಂತ ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬ ಮಾತು ಈಗ ಬರೆಯುವಾಗ ಕೈ ತಡೆಯುತ್ತದೆ, ಆದರೆ ಅವತ್ತು ನನಗೆ ಅನ್ನಿಸಿದ್ದು ಅದೇ. ಲಾರಿಗಾತ್ರದ ಬಂಡೆ. ಅದು ಕೂತಿದ್ದ ಹಾಸುಗಲ್ಲು ಕೆಳಗಿನ ಕಡೆಗೆ ಇಳಿಜಾರು. ಬಂಡೆಯ ಮೇಲೆ ಅಂಕಿ ಬರೆದು, ಹಾಸುಗಲ್ಲು ಯಾವ ಕಡೆಗೆ ಇಳಿದಿದೆ ಎಂದು ತೋರಿಸಲು ಪಕ್ಕದಲ್ಲಿ ಒಂದು ಉದ್ದನೆಯ ಬಾಣ ಎಳೆದೆ. ಬಾಣದ ನೇರಕ್ಕೆ ಕೆಳಗೆ ಒಂದು ಮನೆ ಇತ್ತು, ರೇಷ್ಮೆ ರೀಲಿಂಗ್ ಮಾಡುವವರ ಮನೆ. ಮುಂದೆ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು, ಹಿಂದೆ ಹೊಸದಾಗಿ ಸುಣ್ಣ ಹೊಡೆದ ಒಂದು ಕೋಣೆ. ಹಿತ್ತಿಲಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ತೊಳೆದ ಹಳೇ ಹತ್ತಿಬಟ್ಟೆಗಳನ್ನು ಸಾಲಾಗಿ ಒಣಗಹಾಕುತ್ತಿದ್ದರು. ಸುತ್ತಿಗೆ ಇಟ್ಟರೆ ಇಷ್ಟು ದೊಡ್ಡ ಬಂಡೆಯ ಪಕ್ಕ ಕಾಣುವುದೇ ಇಲ್ಲ. ಪಕ್ಕದ ಗುಂಡುಕಲ್ಲು ಹತ್ತಿ ನಿಂತು, ಬಂಡೆ, ಬಾಣ, ಮನೆ, ಹೆಂಗಸು ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಫೋಟೋ ತೆಗೆದೆ.

ಅವರು ತಲೆ ಎತ್ತಿ ನೋಡಿದರು. 'ಏನಮ್ಮಾ ಅದು? ಏನು ಬರೀತಾ ಇದ್ದೀರಾ?' ಎಂದು ಕೂಗಿದರು.

'ಏನಿಲ್ಲಮ್ಮಾ,' ಎಂದು ನಾನೂ ಕೂಗಿ ಹೇಳಿದೆ. 'ನಾಳೆ ಒಸಿ ಜನ ನೋಡಕ್ಕೆ ಬರ್ತಾರೆ, ಅಷ್ಟೇಯ.'

ಕೆಳಗಿಳಿದು ಹೋಗಿ ಎರಡು ಮಾತಾಡಬಹುದಿತ್ತು. ಆರನೆಯ ಜಾಗ ಗುಡ್ಡದ ಆ ಮಗ್ಗುಲಲ್ಲಿತ್ತು, ಬಿಸಿಲೇರುತ್ತಿತ್ತು, ನಾನು ಆ ಕಡೆ ಇಳಿದು ಹೋದೆ.

ಮಾರನೆಯ ದಿನ ಸಭೆ ಹೋಟೆಲಿನ ಮೇಲಿನ ಹಾಲಿನಲ್ಲಿ. ಅಧ್ಯಕ್ಷರು ಕನಕಪುರದಿಂದ ಬಸ್ಸಿನಲ್ಲಿ ಬಂದರು. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ನನ್ನ ಗುರುಗಳೂ ಹೌದು, ಒಳ್ಳೆಯ ಮನುಷ್ಯ. ಎಂದಿನ ಹಾಗೆ ಪೆನ್‌ಡ್ರೈವ್ ಕೆಲಸ ಮಾಡಲಿಲ್ಲ, ಎಂದಿನ ಹಾಗೆ ಮಾಗಡಿಯವರು ಮೊದಲ ಸಾಲಿನಲ್ಲೇ ತೂಕಡಿಸಿದರು. ನನಗೆ ಅವತ್ತು ಮಾತು ಚೆನ್ನಾಗಿ ಬರುತ್ತಿತ್ತು. ಐದನೆಯ ಜಾಗದ ಫೋಟೋ ತೆರೆಯ ಮೇಲೆ ಬಂತು. ಮೂಲೆಯಲ್ಲಿ ನಾನೇ ಬರೆದಿದ್ದೆ: 'ಅಳತೆಗೆ: ಮನೆ.'

'ಇದೇನಮ್ಮಾ, ಸುತ್ತಿಗೆ ಎಲ್ಲಿ ಹೋಯ್ತು?' ಎಂದರು ಅಧ್ಯಕ್ಷರು.

'ಸುತ್ತಿಗೆ ಸಾಲಲ್ಲ ಸಾರ್, ಈ ಬಂಡೆಗೆ ಮನೆಯೇ ಬೇಕು. ಮನೆ ಸಾಲದೇ ಹೋದ್ರೆ ಪಕ್ಕದಲ್ಲಿ ಮನೆಯೊಡತೀನೂ ಇದ್ದಾರೆ,' ಎಂದು ನಾನು ಲೇಸರಿನ ಕೆಂಪು ಚುಕ್ಕೆಯನ್ನು ಆ ಹೆಂಗಸಿನ ಮೇಲೆ ಇಟ್ಟೆ. ಎಲ್ಲರೂ ನಕ್ಕರು. ಮಾಗಡಿಯವರೂ ಎದ್ದು ನಕ್ಕರು.

ನಕ್ಕ ಸದ್ದು ನಿಂತಮೇಲೆ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸಪ್ಪಳ ಆಯಿತು. ಬಿಳಿ ಟೋಪಿ, ಅರ್ಧತೋಳಿನ ಅಂಗಿ, ಬಿಸಿನೀರಿನಲ್ಲಿ ಇದ್ದೂ ಇದ್ದೂ ಬೆಳ್ಳಗೆ ಸುಕ್ಕಾದ ಬೆರಳುಗಳು. ಆ ಬೆರಳು ನೋಡಿದರೆ ಸಾಕು, ರೀಲರ್ ಎಂದು ಈ ಊರಿನಲ್ಲಿ ಯಾರಿಗಾದರೂ ಗೊತ್ತಾಗುತ್ತದೆ.

'ನಾನು ಆ ಮನೆಯೋನು,' ಎಂದರು. 'ಫೋಟೋದಾಗೆ ಬಟ್ಟೆ ಒಣಗಾಕ್ತಾವ್ಳಲ್ಲ, ಅವ್ಳು ನಮ್ಮನೆಯೋಳು. ಬಂಡೆ ಮ್ಯಾಲೆ ಯಾರೋ ಕೆಂಪಗೆ ಬರೆದವ್ರೆ ಅಂತ ನೆನ್ನೆಯಿಂದ ಬೀದಿಯೆಲ್ಲ ಒಂದೇ ಮಾತು. ಬರೆದೋರು ಇಲ್ಲಿ ಮೀಟಿಂಗ್ ಮಾಡ್ತಾವ್ರೆ ಅಂದ್ರು, ಬಂದೆ.' ತೆರೆಯ ಕಡೆ ಒಮ್ಮೆ ನೋಡಿದರು. 'ನನಗೆ ನಿಮ್ಮ ಮಾತು ಒಂದೂ ಅರ್ಥ ಆಗಿಲ್ಲ. ಅದು ಬೀಳ್ತದಾ, ಬೀಳಲ್ವಾ? ಅದೊಂದು ಹೇಳ್ಬುಡಿ, ಹೊಂಟೋಯ್ತೀನಿ.'

ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಲೇಸರು ಇನ್ನೂ ನನ್ನ ಕೈಯಲ್ಲೇ ಉರಿಯುತ್ತಿತ್ತು, ಚುಕ್ಕೆ ಅವರ ಹೆಂಡತಿಯ ಮೇಲಿಂದ ಜಾರಿ ಗೋಡೆಗೆ ಹೋಗಿತ್ತು.

'ಒಳ್ಳೇ ಪ್ರಶ್ನೆ,' ಎಂದರು ಅಧ್ಯಕ್ಷರು. 'ಬಹಳ ಒಳ್ಳೇ ಪ್ರಶ್ನೆ. ನೋಡಿ, ಪ್ರಕೃತಿಯಲ್ಲಿ ಯಾವುದನ್ನೂ ಖಚಿತವಾಗಿ ಹೇಳೋಕಾಗಲ್ಲ...' ಅವರು ಮುಂದುವರಿಸಿದರು. ನಾನೂ ಕೈಜೋಡಿಸಿದೆ. ಮಳೆಯ ಪ್ರಮಾಣ ಅಂದೆ, ವಿವರವಾದ ಅಧ್ಯಯನ ಆಗಬೇಕು ಅಂದೆ, ಸದ್ಯಕ್ಕೆ ಗಾಬರಿಪಡುವ ಅಗತ್ಯ ಇಲ್ಲ ಆದರೆ ಎಚ್ಚರಿಕೆ ಒಳ್ಳೆಯದು ಅಂದೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚಿನ ಕಸುಬು ನನಗೆ ಕಲಿಸಿದ್ದೇ ಇದು, ಸಿಕ್ಕಿಬೀಳದ ಹಾಗೆ ಮಾತಾಡುವುದು. ಅವರು ಎಲ್ಲವನ್ನೂ ಕೇಳಿಸಿಕೊಂಡು, 'ಆಯ್ತು ಮೇಡಂ,' ಎಂದು ಕೂತರು.

ಊಟಕ್ಕೆ ಕರೆದರೆ ಬೇಡ ಎಂದರು. ನಾನು ಕೈ ತೊಳೆಯುತ್ತಿದ್ದಲ್ಲಿಗೆ ಬಂದು ನಿಂತು, ಮೆಲ್ಲಗೆ, ಯಾರಿಗೂ ಕೇಳದ ಹಾಗೆ ಹೇಳಿದರು. ಅವರ ಒಬ್ಬಳೇ ಮಗಳನ್ನು ಚನ್ನಪಟ್ಟಣಕ್ಕೆ ಕೊಟ್ಟಿದೆ, ಅಳಿಯ ಮರದ ಆಟದ ಸಾಮಾನು ಮಾಡುವವನು. ಮಗಳಿಗೆ ಈಗ ದಿನ ತುಂಬುತ್ತಾ ಬಂದಿದೆ. ಚೊಚ್ಚಲು. ಬರುವ ಶುಕ್ರವಾರ ಕರೆದುಕೊಂಡು ಬರಬೇಕು. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದು ಅದಕ್ಕೇ. ಅವರ ಹೆಂಡತಿ ಹಿಂದಿನ ದಿನ ಒಣಗಹಾಕುತ್ತಿದ್ದ ಹಳೇ ಬಟ್ಟೆಗಳು ಹುಟ್ಟಲಿರುವ ಮಗುವಿನ ಕೆಳಗೆ ಹಾಸುವುದಕ್ಕೆ.

ನನ್ನ ಬುದ್ಧಿಗಿಷ್ಟು! ಆ ಬಟ್ಟೆಗಳನ್ನು ನಾನು ಕಣ್ಣಾರೆ ನೋಡಿದ್ದೆ. ಫೋಟೋದಲ್ಲಿ ಬಿಳಿ ಬಣ್ಣ ಚೆನ್ನಾಗಿ ಎದ್ದು ಕಾಣುತ್ತದೆ ಅಂದುಕೊಂಡಿದ್ದೆ.

ಮಧ್ಯಾಹ್ನದ ತಿರುಗಾಟದಲ್ಲಿ ಐದನೆಯ ಜಾಗ ಬಿಟ್ಟುಬಿಡೋಣ ಸಾರ್ ಅಂದೆ. 'ಬಿಟ್ರೆ ಇನ್ನೂ ಅನುಮಾನ ಬರುತ್ತಮ್ಮಾ, ನಡಿ,' ಎಂದರು ಅಧ್ಯಕ್ಷರು. ಹೋದೆವು. ಯಾರೂ ಸುತ್ತಿಗೆ ತೆಗೆಯಲಿಲ್ಲ, ಸಾವಿನ ಮನೆಗೆ ಬಂದವರ ಹಾಗೆ ನಿಂತೆವು. ಕೆಳಗಿನಿಂದ ಆ ಹೆಂಗಸು ಒಂದು ಕೈಯಲ್ಲಿ ನೀರಿನ ಜಗ್ಗು, ಇನ್ನೊಂದರಲ್ಲಿ ಲೋಟಗಳನ್ನು ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದರು. ಬಿಸಿಲಲ್ಲಿ ಬಂದಿದ್ದೀರಾ ಕುಡೀರಿ ಎಂದು ಒಬ್ಬೊಬ್ಬರಿಗೂ ಕೊಟ್ಟರು. ನನಗೆ ಕೊಡುವಾಗ ಗುರುತು ಹಿಡಿದು ನಕ್ಕರು. ನಾನು ಆ ನೀರನ್ನು ಗಟಗಟ ಕುಡಿದೆ, ಬಾಯಾರಿಕೆ ಮಾತ್ರ ಹಾಗೇ ಇತ್ತು.

ಆ ಶುಕ್ರವಾರ ಮಗಳು ಬರಲಿಲ್ಲ. ನಮ್ಮವರಲ್ಲೇ ಯಾರೋ ಒಬ್ಬರು ನನ್ನ ಉಪನ್ಯಾಸದ ಫೋಟೋಗಳನ್ನು ವಾಟ್ಸಾಪಿನಲ್ಲಿ ಹಾಕಿದ್ದರು. ಅದು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಇನ್ನೆಲ್ಲಿಗೋ ಹಾರಿ ಚನ್ನಪಟ್ಟಣದ ಬೀಗರ ಫೋನಿಗೆ ತಲುಪಿತ್ತು. ಬಂಡೆ, ಬಾಣ, ಬಾಣದ ತುದಿಗೆ ಮನೆ. ಬೀಗರಿಗೆ ಭೂವಿಜ್ಞಾನ ಕಲಿಸಬೇಕಾಗಿರಲಿಲ್ಲ. ಬಾಣವನ್ನು ಅವರು ಸರಿಯಾಗಿಯೇ ಓದಿಕೊಂಡರು, ಬಿದ್ದರೆ ಈ ಕಡೆಗೇ ಬೀಳುತ್ತದೆ ಎಂದು. ಆ ಮನೆಗೆ ನಮ್ಮ ಸೊಸೆಯನ್ನು ಕಳಿಸಲ್ಲ ಎಂದರು. ನಾನು ಅವರ ಜಾಗದಲ್ಲಿದ್ದರೂ ಕಳಿಸುತ್ತಿರಲಿಲ್ಲ, ಅದೇ ನನ್ನ ಸಂಕಟ.

ಎರಡು ದಿನ ಬಿಟ್ಟು ರೀಲರ್ ನಮ್ಮ ಮನೆಗೇ ಬಂದರು, ಹೆಂಡತಿಯನ್ನೂ ಕರೆದುಕೊಂಡು. ಒಳಗೆ ಬನ್ನಿ ಅಂದರೂ ಜಗಲಿಯಲ್ಲೇ ಕೂತರು.

'ಬೀಗರಿಗೆ ಒಂದು ಫೋನ್ ಮಾಡಿ ಮೇಡಂ,' ಎಂದರು. 'ಏನೂ ಆಗಕಿಲ್ಲ, ಕಳಿಸಿ ಅಂತ ಒಂದು ಮಾತು. ಬರೆದಿರೋರು ನೀವು. ನೀವೇ ಹೇಳಿದ್ರೆ ನಂಬ್ತಾರೆ.'

'ಒಂದ್ಸಲ ಸರಿಯಾಗಿ ನೋಡಿ ಹೇಳ್ತೀನಿ,' ಅಂದೆ. ಅವತ್ತೇ ಹೊರಟೆ. ಈ ಸಲ ಗುಡ್ಡದ ಕಡೆಯಿಂದಲ್ಲ, ಅವರ ಮನೆಯ ಬಾಗಿಲಿಂದ ಒಳಗೆ ಹೋಗಿ, ಶೆಡ್ಡಿನ ಹುಳದ ವಾಸನೆ ದಾಟಿ, ಆ ಹಿಂದಿನ ಕೋಣೆಯ ಮೂಲಕ ಹಿತ್ತಿಲಿಗೆ ಬಂದೆ. ಕೋಣೆಯಲ್ಲಿ ಹೊಸ ಚಾಪೆ, ಮಡಿಸಿಟ್ಟ ಬಟ್ಟೆಗಳು, ಒಂದು ತೊಟ್ಟಿಲು. ಅಳಿಯ ಕೈಯಾರೆ ಮಾಡಿ ಕಳಿಸಿದ್ದ ಹಳದಿ ಹಸಿರು ಬಣ್ಣದ ಗಿಲಕಿ ತೊಟ್ಟಿಲಿಗೆ ಕಟ್ಟಿತ್ತು. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ದೇವರಾಣೆ, ಆ ಗುಡ್ಡ ಹತ್ತುವಾಗ ನಾನು ಬೇಡಿಕೊಂಡದ್ದು ಒಂದೇ, ಬಂಡೆ ಗಟ್ಟಿಯಾಗಿ ಕೂತಿರಲಿ, ನಾನು ಕೆಳಗಿಳಿದು ಬಂದು ಏನೂ ಆಗುವುದಿಲ್ಲ ಎಂದು ಬಾಯ್ತುಂಬ ಹೇಳುವ ಹಾಗಾಗಲಿ. ಟೇಪು ಹಿಡಿದು ಸುತ್ತಲೂ ಅಳೆದೆ, ಮಂಡಿಯೂರಿ ಕೆಳಗೆ ಕೈ ಹಾಕಿ ನೋಡಿದೆ. ಹಾಸುಗಲ್ಲಿಗೂ ಬಂಡೆಗೂ ನಡುವೆ ಮೇಲಿನ ಕಡೆ ಮಣ್ಣು ತುಂಬಿತ್ತು, ಬೆರಳಿಟ್ಟರೆ ಒದ್ದೆ. ಕೆಳಗಿನ ಕಡೆ ಒಂದಷ್ಟು ಚೂರುಗಲ್ಲು ಸಿಕ್ಕಿಕೊಂಡು ಬಂಡೆಯನ್ನು ತಡೆದಿದ್ದವು. ಅದಕ್ಕಿಂತ ಕೆಳಗೆ, ಅವರಿಗೆ ಆ ಮನೆ ಮಾರಿದವರು ಯಾವಾಗಲೋ ಹಿಂದಿನ ಕೋಣೆ ಕಟ್ಟುವುದಕ್ಕೆ ಗುಡ್ಡದ ಬುಡವನ್ನೇ ಕಡಿದಿದ್ದರು. ಬಂಡೆ ಇನ್ನೂ ಸಾವಿರ ವರ್ಷ ಹೀಗೇ ಕೂತಿರಬಹುದು. ಈ ಮಳೆಗಾಲದಲ್ಲೇ ಜಾರಿಬಿಡಲೂಬಹುದು. ಎರಡೂ ಸುಳ್ಳಲ್ಲ. ಎರಡರಲ್ಲಿ ಯಾವುದು ಎಂದು ಹೇಳುವ ವಿದ್ಯೆ ನನ್ನ ಹತ್ತಿರ ಇಲ್ಲ, ಇಂಥವರ ಹತ್ತಿರ ಇದೆ ಎಂದು ಕೈ ತೋರಿಸುವುದಕ್ಕೂ ನನಗೆ ಯಾರೂ ಗೊತ್ತಿಲ್ಲ.

ಇಳಿದು ಬಂದೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.

'ಮಳೆಗಾಲ ಮುಗಿಯೋವರೆಗೂ ಈ ಕೋಣೇಲಿ ಯಾರೂ ಮಲಗಬೇಡಿ,' ಅಂದೆ. 'ನೀವೂ ಮುಂದಿನ ಶೆಡ್ಡಿನ ಪಕ್ಕದ ಕೋಣೇಲೇ ಇರಿ. ತಾಲೂಕು ಆಫೀಸಿಗೆ ಅರ್ಜಿ ಹಾಕ್ತೀನಿ, ಬಂಡೆಗೆ ಕಬ್ಬಿಣದ ಸರಳು ಹಾಕಿ ಬಿಗಿಸಬಹುದು.'

'ಹಂಗಾರೆ ಬೀಳ್ತದೆ,' ಎಂದರು ರೀಲರ್.

'ಬೀಳುತ್ತೆ ಅಂತ ನಾನು ಹೇಳ್ತಿಲ್ಲ.'

'ಬೀಳಲ್ಲ ಅಂತಾನೂ ಹೇಳ್ತಿಲ್ಲ.'

'ಇಲ್ಲ.'

ಅವರ ಹೆಂಡತಿ ಮುಂದೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. 'ಅವತ್ತು ನಾನು ಕೇಳ್ದಾಗ ಏನಿಲ್ಲಮ್ಮಾ ಅಂದ್ರಲ್ಲ ಮೇಡಂ? ಮ್ಯಾಲಿಂದ ಕೂಗಿ ಅಂದ್ರಿ. ಅದನ್ನೇ ಈಗ್ಲೂ ಅನ್ನಿ. ಅಷ್ಟೇ ಸಾಕು. ಬಾಣಂತನದ ಚಿಲ್ಲಾ ಮುಗಿಯೋಗಂಟ, ನಲವತ್ತು ದಿನ ನನ್ ಮಗಳು ನನ್ನ ಹತ್ರ ಇರಬೇಕು. ಆಮ್ಯಾಲೆ ಆ ಬಂಡೆ ಏನಾದ್ರೂ ಆಗ್ಲಿ.'

ಬಾಯಿ ತೆರೆದರೆ 'ಏನಿಲ್ಲಮ್ಮಾ' ಎಂಬ ಮಾತು ಹಲ್ಲಿನ ತುದಿಯಲ್ಲೇ ಇತ್ತು. ಮೊನ್ನೆ ಯಾವ ಯೋಚನೆಯೂ ಇಲ್ಲದೆ, ಡಬ್ಬಿಯ ಮುಚ್ಚಳ ಹಾಕುತ್ತಾ ಅಂದಿದ್ದೆ. ಈಗ ಎಲ್ಲವನ್ನೂ ನೋಡಿ ಬಂದಮೇಲೆ ಅದು ಹೊರಗೆ ಬರಲಿಲ್ಲ. 'ನಮ್ಮನೇಲಿ ಒಂದು ಕೋಣೆ ಖಾಲಿ ಇದೆ,' ಅಂದೆ. 'ಅಲ್ಲೇ ಬಾಣಂತನ ಮಾಡಿ. ನೀವೂ ಬಂದು ಇರಿ. ನಿಮ್ಮ ಮನೆ ಅಂದ್ಕೊಳ್ಳಿ.'

ಅವರು ನನ್ನ ಕೈ ಬಿಟ್ಟರು. 'ನಮಗೆ ಮನೆ ಐತೆ ಮೇಡಂ,' ಎಂದರು. ಸಿಟ್ಟಿನಿಂದಲ್ಲ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು.

ಅವರ ಎದುರಿಗೇ ಚನ್ನಪಟ್ಟಣಕ್ಕೆ ಫೋನ್ ಮಾಡಿದೆ. ಬೀಗರು, ಸರಿ ಮೇಡಂ, ನೀವೇ ಹೇಳಿ, ಕಳಿಸೋದಾ ಬೇಡ್ವಾ ಎಂದರು. ಮಳೆಗಾಲ ಕಳೀಲಿ ಅಂದೆ. ಆ ಮಾತನ್ನು ಹೇಳುವಾಗ ಗೋಡೆಯ ಕಡೆ ತಿರುಗಿಕೊಂಡಿದ್ದೆ.

ಮಾರನೆಯ ದಿನ ಥಿನ್ನರ್ ತೆಗೆದುಕೊಂಡು ಹೋಗಿ ಬಣ್ಣ ಉಜ್ಜಿದೆ. ಅಂಕಿ ಹೋಯಿತು. ಬಾಣ ಬಂಡೆಯ ಒರಟು ಭಾಗದ ಮೇಲಿತ್ತು, ಉಜ್ಜಿದಷ್ಟೂ ಹರಡಿಕೊಂಡಿತು. ಅಗಲವಾಗಿ, ತೆಳ್ಳಗೆ, ಮೊದಲಿಗಿಂತ ದೂರಕ್ಕೆ ಕಾಣುವ ಹಾಗೆ ಆಯಿತು. ಅಲ್ಲೇ ಕೂತು ಅತ್ತೆ. ಕೆಳಗೆ ಶೆಡ್ಡಿನಲ್ಲಿ ರಾಟೆ ತಿರುಗುವ ಸದ್ದು ಒಂದೇ ಸಮನೆ ಬರುತ್ತಿತ್ತು, ಯಾರೂ ಹೊರಗೆ ಬಂದು ನೋಡಲಿಲ್ಲ.

ಮಗು ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಹುಟ್ಟಿತು, ಹೆಣ್ಣು. ಅಜ್ಜಿ ಅವತ್ತು ಹೋಗಿ ನೋಡಿಕೊಂಡು ಅವತ್ತೇ ಬಂದರು. ಬೀಗರ ಮನೆಯಲ್ಲಿ ಉಳಿಯುವುದು ಅವರಿಗೆ ಸರಿ ಬರುವುದಿಲ್ಲ, ಇಲ್ಲಿ ರೀಲಿಂಗ್ ನಿಲ್ಲಿಸುವ ಹಾಗೂ ಇಲ್ಲ. ಮಗಳಿಗೆ ಎದೆಹಾಲು ಸರಿಯಾಗಿ ಬರುತ್ತಿಲ್ಲವಂತೆ, ಅತ್ತೆ ಒಳ್ಳೆಯವರೇ ಆದರೂ ಇದನ್ನೆಲ್ಲ ಅತ್ತೆಗೆ ಹೇಳಲು ಅವಳಿಗೆ ಸಂಕೋಚವಂತೆ, ದಿನವೂ ಫೋನಿನಲ್ಲಿ ಅಮ್ಮನ ಹತ್ತಿರ ಅಳುತ್ತಾಳಂತೆ. ಇದೆಲ್ಲ ನನಗೆ ರೀಲರ್ ಹೇಳಿದ್ದು, ಗೂಡಿನ ಮಾರ್ಕೆಟ್ಟಿನ ಮುಂದೆ ಸಿಕ್ಕಿದಾಗ. ದೂರುವ ದನಿ ಇರಲಿಲ್ಲ. ಒಂದು ನಾಲ್ಕು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಆಮೇಲಿನ ಸಭೆ ಮಾಗಡಿಯಲ್ಲಿ. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, ಜನರಿಗೆ ಅಪಾಯವನ್ನು ಹೇಗೆ ತಿಳಿಸಬೇಕು ಎಂಬ ವಿಷಯದ ಮೇಲೆ ಒಂದು ಉಪನ್ಯಾಸ ಕೊಡಮ್ಮಾ, ನಿನಗೀಗ ಅನುಭವ ಆಗಿದೆ ಎಂದರು. ಮೈ ಉರಿದುಹೋಯಿತು. 'ಆ ಅನುಭವ ನಂದಲ್ಲ ಸಾರ್, ಆ ಮನೆಯವರದ್ದು. ಅವರನ್ನೇ ಕರೀರಿ, ಅವರಿಗೇ ಗೊಂಬೆ ಕೊಡಿ,' ಎಂದುಬಿಟ್ಟೆ. ಗುರುಗಳ ಮುಖ ಸಣ್ಣದಾಯಿತು. ಅವರ ತಪ್ಪೇನಿರಲಿಲ್ಲ. ಆಫೀಸಿನಲ್ಲಿ ನನ್ನ ಅರ್ಜಿ ಹಾಕಿದ ಜಾಗದಲ್ಲೇ ಕೂತಿದೆ, ಸ್ಥಳ ಪರಿಶೀಲನೆ ಆಗಬೇಕಂತೆ. ಹೋಗಿ ಕೂಗಾಡಿ ಬಂದಿದ್ದೇನೆ. ಮತ್ತೆ ಹೋಗುತ್ತೇನೆ.

ಇಷ್ಟಾದರೂ ನಾನು ಮಾಡಿದ್ದು ಸರಿಯೇ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳು ಹೇಳಿ ಆಮೇಲೆ ಏನಾದರೂ ಆಗಿದ್ದರೆ? ಎಂದು ಗಂಡ ಕೇಳುತ್ತಾರೆ. ಗೊತ್ತು. ನನಗೂ ಗೊತ್ತು. ಆದರೆ ಮಳೆಗಾಲ ಶುರುವಾದಮೇಲೆ ನನ್ನ ಮನಸ್ಸಿನಲ್ಲಿ ಒಂದು ಕೆಟ್ಟ ಯೋಚನೆ ಸೇರಿಕೊಂಡಿತು, ಅದನ್ನು ಗಂಡನಿಗೂ ಹೇಳಿಲ್ಲ. ಜೋರಾಗಿ ಮಳೆ ಬಂದಾಗಲೆಲ್ಲ ನಾನು ಆ ಬಂಡೆ ಬೀಳಲಿ ಎಂದು ಆಸೆಪಡುತ್ತಿದ್ದೆ. ಯಾರಿಗೂ ಏನೂ ಆಗಬಾರದು. ಅವರಿಬ್ಬರೂ ಮಾರ್ಕೆಟ್ಟಿಗೆ ಹೋಗಿರಬೇಕು, ಬಂಡೆ ಜಾರಿ ಆ ಖಾಲಿ ಕೋಣೆಯನ್ನಷ್ಟೇ ಪುಡಿ ಮಾಡಬೇಕು. ಆಗ ಊರಿಗೆ ಊರೇ, ಅಬ್ಬಾ, ಮೇಡಂ ಹೇಳದೇ ಹೋಗಿದ್ದರೆ ಬಾಣಂತಿ ಮಗು ಇಬ್ಬರೂ ಹೋಗುತ್ತಿದ್ದರಲ್ಲಪ್ಪಾ ಎನ್ನುತ್ತದೆ. ಆ ತಾಯಿ ಬಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಥೂ, ಎಂಥ ಹೆಂಗಸು ನಾನು! ಒಬ್ಬರ ಮನೆ ಬೀಳಲಿ ಎಂದು ಕಾಯುವವಳು. ಬೈದುಕೊಳ್ಳುತ್ತಿದ್ದೆ. ಮುಂದಿನ ಮಳೆಗೆ ಮತ್ತೆ ಅದೇ ಯೋಚನೆ.

ಮಳೆ ಬಂದ ಮಾರನೆಯ ಬೆಳಿಗ್ಗೆ ವಾಕಿಂಗ್ ನೆಪ ಮಾಡಿಕೊಂಡು ಆ ಬೀದಿಗೆ ಹೋಗುವುದು ಅಭ್ಯಾಸವಾಯಿತು. ಬೀದಿಯ ತಿರುವಿನಲ್ಲಿ ತಲೆ ಎತ್ತಿದರೆ ಬಂಡೆ ಕಾಣುತ್ತದೆ. ಕಾಣುತ್ತಲೇ ಇತ್ತು. ತೊಳೆದ ಹಾಗೆ ಹೊಳೆಯುತ್ತಾ, ಹರಡಿದ ಕೆಂಪು ಬಾಣದ ಸಮೇತ, ಇದ್ದ ಜಾಗದಲ್ಲೇ ಕೂತಿರುತ್ತಿತ್ತು.

ಮಳೆಗಾಲ ಮುಗಿಯುತ್ತಾ ಬಂದಾಗ ಒಂದು ಸಲ ಭಾರಿ ಮಳೆಯಾಯಿತು. ಕೆಂಗಲ್ ಹತ್ತಿರ ರಸ್ತೆಯ ಮೇಲೆ ನೀರು ನಿಂತಿದೆ ಎಂದು ಬೆಳಿಗ್ಗೆ ಹಾಲಿನವರು ಹೇಳಿದರು. ನಾನು ಕಾಫಿಯನ್ನೂ ಕುಡಿಯದೆ ಹೊರಟೆ. ತಿರುವಿಗೆ ಬಂದು ನೋಡಿದರೆ ಬಂಡೆ ಅಲ್ಲೇ ಇದೆ. ಅಷ್ಟರಲ್ಲಿ ಆ ಮನೆಯ ಮುಂದೆ ನೀರು ಗುಡಿಸುತ್ತಿದ್ದ ತಾಯಿ ಪೊರಕೆ ಹಿಡಿದುಕೊಂಡೇ ನಿಂತರು. ಎಷ್ಟು ಹೊತ್ತಿನಿಂದ ನನ್ನನ್ನು ನೋಡುತ್ತಿದ್ದರೋ, ಎಷ್ಟು ಸಲ ಹೀಗೆ ನೋಡಿದ್ದರೋ ತಿಳಿಯದು. ಅವರ ಹಿಂದೆ, ತೆರೆದ ಬಾಗಿಲುಗಳ ಆಚೆ ಆ ಹಿಂದಿನ ಕೋಣೆ, ಸುಣ್ಣದ ಗೋಡೆ, ಖಾಲಿ ತೊಟ್ಟಿಲು ಕಾಣುತ್ತಿತ್ತು.

'ಇನ್ನೂ ಬಿದ್ದಿಲ್ಲ ಮೇಡಂ,' ಎಂದರು. ಆಮೇಲೆ ನನ್ನ ಮುಖವನ್ನು ಸರಿಯಾಗಿ ನೋಡಿ, ಮೆತ್ತಗೆ ಕೇಳಿದರು. 'ಬೇಜಾರಾಯ್ತಾ?'